ಅಂಗಡಿ ಸರ್ವರ್ ಕೈಕೊಟ್ಟಾಗ: ಪವರ್ ಬಟನ್ ಒತ್ತುವ ಮುಂಚೆ ಏನೇನು ನೋಡಬೇಕು

ಬಿಲ್ಲು, ಲೆಕ್ಕದ ಸಾಫ್ಟ್‌ವೇರ್ ಓಪನ್ ಆಗ್ತಿಲ್ಲ ಅಂದ ಕೂಡಲೇ ಗಲ್ಲಾ ಕೆಳಗೆ ಬಗ್ಗಿ ಸಿಪಿಯು ಬಟನ್ ಒತ್ತಿ ಹಿಡಿಯುವ ಅಭ್ಯಾಸ ನಮ್ಮ ಕಡೆ ಎಲ್ಲ ಅಂಗಡಿಯಲ್ಲೂ ಇದೆ. ಮೊದಲು ಅದನ್ನು ಬಿಡಿ. ಒಂದೊಂದು ಸಲ ಅಷ್ಟರಲ್ಲೇ ಸರಿ ಹೋಗುತ್ತದೆ, ಇಲ್ಲ ಅನ್ನಲ್ಲ. ಆದರೆ ಯಾಕೆ ಕೆಟ್ಟಿತ್ತು ಅನ್ನುವ ಗುರುತೂ ಅದರ ಜೊತೆಗೇ ಅಳಿಸಿ ಹೋಗಬಹುದು. ಆಮೇಲೆ ಸರಿಯಾಗಿ ವ್ಯಾಪಾರ ಜೋರಾಗಿರುವ ದಿನವೇ ಮತ್ತೆ ಕೆಡುತ್ತದೆ, ಮತ್ತೆ ಅದೇ ಬಟನ್. ಲೆಕ್ಕವೆಲ್ಲ ಕೂಡಿಡುವ ಡೇಟಾಬೇಸ್ ಏನೋ ಬರೆಯುತ್ತಿರುವಾಗ ಹೀಗೆ ಉಸಿರು ಕಟ್ಟಿಸಿದರೆ ಚಿಕ್ಕ ತೊಂದರೆ ದೊಡ್ಡದಾಗುತ್ತದೆ.

ನಾನು ಮಂಡ್ಯ, ಮೈಸೂರು ಕಡೆ ಕೆಲವು ಸಣ್ಣ ವ್ಯಾಪಾರಸ್ಥರ ಸರ್ವರ್ ನೋಡಿಕೊಳ್ಳುತ್ತೇನೆ. ಬೆಲ್ಲದ ಮಂಡಿ, ಗೊಬ್ಬರದ ಅಂಗಡಿ, ಊದುಬತ್ತಿ ಪ್ಯಾಕಿಂಗ್, ಇಂಥವು. ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ವ್ಯವಸ್ಥೆ. ಹಳೇ ಡೆಸ್ಕ್‌ಟಾಪ್, ಅದರಲ್ಲಿ ಉಬುಂಟು (ಲಿನಕ್ಸ್ ಜಾತಿಯ ಆಪರೇಟಿಂಗ್ ಸಿಸ್ಟಂ), ಅದರ ಮೇಲೆ ಡಾಕರ್ (ಒಂದೊಂದು ಸಾಫ್ಟ್‌ವೇರನ್ನೂ ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವಂಥದ್ದು), ಒಳಗೆ ಇಆರ್‌ಪಿನೆಕ್ಸ್ಟ್ ಅಥವಾ ಇನ್‌ವಾಯ್ಸ್ ನಿಂಜಾ (ಬಿಲ್ಲು, ಲೆಕ್ಕದ ಸಾಫ್ಟ್‌ವೇರ್), ಹಿಂದೆ ಮಾರಿಯಾಡಿಬಿ (ಡೇಟಾಬೇಸ್), ಮುಂದೆ ಎನ್‌ಜಿನ್‌ಎಕ್ಸ್ (ಬ್ರೌಸರಿನ ಕೋರಿಕೆ ಮೊದಲು ತಲುಪುವ ವೆಬ್ ಸರ್ವರ್). ತಿಂಗಳು ತಿಂಗಳು ದುಡ್ಡು ಕಟ್ಟೋದು ಬೇಡ, ಲೆಕ್ಕ ನಮ್ಮ ಹತ್ತಿರವೇ ಇರಲಿ ಅಂತ ಹಾಕಿಸಿಕೊಂಡವರು. ಇಲ್ಲಿಯವರೆಗೆ ನೋಡಿದ್ದರಲ್ಲಿ ನನಗೆ ಅನ್ನಿಸಿದ್ದು ಇಷ್ಟು: ಸಾಫ್ಟ್‌ವೇರ್ ತಾನಾಗಿ ಕೆಡೋದು ಕಮ್ಮಿ, ಅದು ನಿಂತಿರುವ ನೆಲ ಕೆಡೋದೇ ಜಾಸ್ತಿ. ಕರೆಂಟು, ಡಿಸ್ಕು, ಗಡಿಯಾರ, ನೆಟ್ಟು. ಹಾಗಾಗಿ ಹುಡುಕಾಟವೂ ಅಲ್ಲಿಂದಲೇ ಶುರುವಾಗಬೇಕು.

ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಹಾಕಿಕೊಳ್ಳಿ.

ಮೊದಲು ಕೇಳಬೇಕಾದ್ದು

"ಅಣ್ಣಾ, ಸರ್ವರ್ ಡೌನ್ ಆಗದೆ ಕಣಣ್ಣಾ" ಅಂತ ಫೋನ್ ಬಂದರೆ ಅದರಿಂದ ಏನೂ ಗೊತ್ತಾಗಲ್ಲ. ಯಾರಿಗೆ ಓಪನ್ ಆಗ್ತಿಲ್ಲ, ಎಲ್ಲಿ ಕೂತಿದ್ದಾರೆ, ಪರದೆ ಮೇಲೆ ಏನು ಬರೆದಿದೆ, ಇಷ್ಟು ಕೇಳಿ. ಪರದೆಯ ಫೋಟೋ ಕಳಿಸಪ್ಪಾ ಅಂದರೆ ಇನ್ನೂ ಒಳ್ಳೆಯದು. ಕೆಂಪು ಅಕ್ಷರ ಬಂದದೆ ಅಂತ ಬಾಯಲ್ಲಿ ಹೇಳಿದ್ದಕ್ಕೂ ಫೋಟೋದಲ್ಲಿ ಇರೋದಕ್ಕೂ ಬಹಳ ಸಲ ಸಂಬಂಧವೇ ಇರಲ್ಲ.

ಒಂದೇ ಕೌಂಟರ್‌ನಲ್ಲಿ ಓಪನ್ ಆಗ್ತಿಲ್ಲ, ಪಕ್ಕದ ಕೌಂಟರ್‌ನಲ್ಲಿ ಆಗ್ತಿದೆ ಅಂದರೆ ಸರ್ವರ್ ಮುಟ್ಟಲೇಬೇಡಿ. ತೊಂದರೆ ಆ ಕಂಪ್ಯೂಟರಿನದು. ಬ್ರೌಸರ್ "ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ" ಅನ್ನುವ ಅರ್ಥದ ಪುಟ ತೋರಿಸುತ್ತಿದ್ದರೆ ಅದರ ಕೆಳಮೂಲೆಯ ಗಡಿಯಾರ ನೋಡಿ. ಮದರ್‌ಬೋರ್ಡ್ ಮೇಲೆ ನಾಣ್ಯದ ಥರ ಸಿಆರ್2032 ಅನ್ನುವ 3 ವೋಲ್ಟ್ ಸೆಲ್ ಇರುತ್ತದೆ. ಅದು ಸತ್ತರೆ ಕರೆಂಟು ಹೋಗಿ ಬಂದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಆ ದಿನಾಂಕದಲ್ಲಿ ಸರ್ವರಿನ ಸರ್ಟಿಫಿಕೇಟ್ (ಇದು ಅಸಲಿ ಸರ್ವರ್ ಅನ್ನುವ ಗುರುತುಪತ್ರ) ಇನ್ನೂ ಹುಟ್ಟೇ ಇರಲ್ಲ, ಅದಕ್ಕೇ ಬ್ರೌಸರ್ ಒಳಗೆ ಬಿಡಲ್ಲ. ಸೆಲ್ ಬದಲಾಯಿಸಿ, ದಿನಾಂಕ ಸರಿ ಮಾಡಿ, ಅಷ್ಟೇ.

ಇದೇ ಸೆಲ್ ಸರ್ವರಿನಲ್ಲೇ ಸತ್ತಿದ್ದರೆ ಕತೆ ಬೇರೆ, ಕಂಡುಹಿಡಿಯೋದೂ ಕಷ್ಟ. ಉಬುಂಟುವಿನ ಹಲವು ಆವೃತ್ತಿಗಳಲ್ಲಿ ಇರುವ ಟೈಮ್‌ಸಿಂಕ್‌ಡಿ ಅನ್ನುವ ಸೇವೆ ಕೊನೆಗೆ ನೋಡಿದ ಸಮಯವನ್ನು ಡಿಸ್ಕಿನಲ್ಲಿ ಗುರುತು ಹಾಕಿಟ್ಟುಕೊಂಡಿರುತ್ತದೆ, ಮತ್ತೆ ಆನ್ ಆದಾಗ ಅದಕ್ಕಿಂತ ಹಿಂದಕ್ಕೆ ಹೋಗದ ಹಾಗೆ ನೋಡಿಕೊಳ್ಳುತ್ತದೆ. ಅದರಿಂದ ವರ್ಷಗಟ್ಟಲೆ ಹಿಂದೆ ಹೋಗಲ್ಲ. ಆದರೆ ಶನಿವಾರ ಸಂಜೆ ಆಫ್ ಆದ ಯಂತ್ರ ಸೋಮವಾರ ಬೆಳಿಗ್ಗೆ ಎದ್ದಾಗ ಇನ್ನೂ ಶನಿವಾರ ಸಂಜೆಯಲ್ಲೇ ಇರುತ್ತದೆ. ನೆಟ್ ಬಂದ ಮೇಲೆ ಸರಿ ಹೋಗುತ್ತದೆ, ಅಷ್ಟರೊಳಗೆ ಹಾಕಿದ ಬಿಲ್ಲುಗಳಿಗೆಲ್ಲ ಶನಿವಾರದ ತಾರೀಖು ಬಿದ್ದಿರುತ್ತದೆ. ಲೆಕ್ಕದಲ್ಲಿ ಬಿಲ್ಲು ಹಿಂದುಮುಂದು ಆಗಿದೆ ಅಂತ ಆಡಿಟರ್ ಕೇಳುವವರೆಗೂ ಯಾರಿಗೂ ಗೊತ್ತಾಗಲ್ಲ. ಟೈಮ್‌ಡೇಟ್‌ಸಿಟಿಎಲ್ ಅಂತ ಹೊಡೆದರೆ ಸಮಯ ಹೊಂದಿಕೆಯಾಗಿದೆಯಾ ಅಂತ ತೋರಿಸುತ್ತದೆ. ಟೈಮ್‌ಜೋನ್ ಏಷ್ಯಾ/ಕೋಲ್ಕತ್ತಾ ಅಂತಿದೆಯಾ ಅದನ್ನೂ ಅಲ್ಲೇ ನೋಡಿಬಿಡಿ. ಸರ್ವರ್ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿನ ಸಮಯ) ಇದ್ದರೆ ರಾತ್ರಿ 2 ಗಂಟೆಗೆ ಅಂತ ಇಟ್ಟ ಬ್ಯಾಕಪ್ ಬೆಳಿಗ್ಗೆ 7.30ಕ್ಕೆ ಓಡುತ್ತದೆ, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಎಲ್ಲ ನಿಧಾನ.

ಅಂಗಡಿಯಲ್ಲಿ ಸರಿ, ಹೊರಗಿನಿಂದ ಇಲ್ಲ

ಮಂಡ್ಯದ ಗೋಡೌನ್‌ನಲ್ಲಿ ಚೆನ್ನಾಗಿ ಓಡುತ್ತಿದೆ, ಮೈಸೂರಿನ ಬ್ರಾಂಚಿನಲ್ಲಿ ಓಪನ್ ಆಗ್ತಿಲ್ಲ. ಅಂದರೆ ಸರ್ವರ್ ಬದುಕಿದೆ, ದಾರಿ ಮುಚ್ಚಿದೆ. ಬ್ರೌಸರ್ ಏನು ಹೇಳುತ್ತಿದೆ ಅನ್ನೋದು ಇಲ್ಲಿ ಮುಖ್ಯ. ಹೆಸರೇ ಸಿಗ್ತಿಲ್ಲ ಅಂದರೆ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ತೊಂದರೆ, ಇಲ್ಲವೇ ಡೊಮೇನ್ ದುಡ್ಡು ಕಟ್ಟೋದು ಮರೆತಿದ್ದಾರೆ. ಕನೆಕ್ಷನ್ ರಿಫ್ಯೂಸ್ಡ್ ಅಂದರೆ ಯಾವುದೋ ಯಂತ್ರದವರೆಗೆ ಹೋಗಿದೆ, ಆ ಪೋರ್ಟಿನಲ್ಲಿ (ಯಂತ್ರದ ನಂಬರ್ ಹಾಕಿದ ಬಾಗಿಲು) ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಸುಮ್ನೆ ಸುತ್ತಿ ಸುತ್ತಿ ಟೈಮ್ ಔಟ್ ಆದರೆ ಮನೆವರೆಗೂ ಬಂದೇ ಇಲ್ಲ, ಇಲ್ಲಾ ಫೈರ್‌ವಾಲ್ ತಡೆದಿದೆ.

ರೂಟರ್ ರೀಸೆಟ್ ಆದ ಮೇಲೆ ಶುರುವಾಗಿದ್ದರೆ ಸರ್ವರಿನ ಐಪಿ (ನೆಟ್‌ವರ್ಕ್ ವಿಳಾಸ) ಬದಲಾಗಿದೆಯಾ ನೋಡಿ. ರೂಟರ್ ಈಗಲೂ 443ನೇ ಪೋರ್ಟನ್ನು ಹಳೇ ವಿಳಾಸಕ್ಕೇ ಕಳಿಸುತ್ತಿರುತ್ತದೆ, ಅಲ್ಲಿ ಈಗ ಪ್ರಿಂಟರೋ ಸಿಸಿಟಿವಿ ಡಬ್ಬವೋ ಕೂತಿರುತ್ತದೆ. ರೂಟರಿನ ಡಿಎಚ್‌ಸಿಪಿ (ವಿಳಾಸ ಹಂಚುವ) ಪುಟದಲ್ಲಿ ಸರ್ವರಿಗೆ ಒಂದು ವಿಳಾಸ ಕಾಯಂ ಮಾಡಿದರೆ ಈ ಕಾಟ ಮುಗಿಯಿತು.

ಅದೂ ಸರಿ ಇದ್ದರೆ ರೂಟರಿನ ಸ್ಟೇಟಸ್ ಪುಟಕ್ಕೆ ಹೋಗಿ, ವ್ಯಾನ್ ಐಪಿ (ರೂಟರಿನ ಹೊರಗಿನ ವಿಳಾಸ) ಅಂತ ಏನಿದೆ ಓದಿ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಇಂಟರ್‌ನೆಟ್ ಕೊಡುವವರು ಒಂದೇ ಹೊರ ವಿಳಾಸವನ್ನು ಎಷ್ಟೋ ಗಿರಾಕಿಗಳಿಗೆ ಹಂಚಿದ್ದಾರೆ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಹೊರಗಿನವರು ಒಳಗೆ ಬರಲ್ಲ. ಪ್ಲಾನ್ ಬದಲಾಯಿಸಿದಾಗ, ಕಂಪನಿ ಬದಲಾಯಿಸಿದಾಗ ಇದು ಹೇಳದೆ ಕೇಳದೆ ಆಗಿಬಿಡುತ್ತದೆ. ಸ್ಟಾಟಿಕ್ ಐಪಿ (ನಿಮಗೊಬ್ಬರಿಗೇ ಇರುವ ಕಾಯಂ ವಿಳಾಸ) ಕೇಳಿ ತಗೊಳ್ಳಿ, ದುಡ್ಡು ಜಾಸ್ತಿ ಅನ್ನಿಸಿದರೆ ಟೇಲ್‌ಸ್ಕೇಲ್ ಅಥವಾ ಕ್ಲೌಡ್‌ಫ್ಲೇರ್ ಟನಲ್ ಹಾಕಿ. ಎರಡೂ ಒಳಗಿನಿಂದ ಹೊರಕ್ಕೆ ದಾರಿ ತೆಗೆಯುತ್ತವೆ, ಪೋರ್ಟ್ ತೆರೆಯುವ ಕೆಲಸವೇ ಇಲ್ಲ. ಬ್ರಾಂಚಿನವರು ಮಾತ್ರ ಬಳಸುವ ಲೆಕ್ಕದ ಸಾಫ್ಟ್‌ವೇರನ್ನು ಇಡೀ ಲೋಕಕ್ಕೆ ತೆರೆದಿಡೋದಕ್ಕಿಂತ ಟೇಲ್‌ಸ್ಕೇಲ್ ವಾಸಿ ಅನ್ನೋದು ನನ್ನ ಲೆಕ್ಕ. ಅಂದಹಾಗೆ ಟೇಲ್‌ಸ್ಕೇಲ್ ಕೂಡ ಇದೇ 100.64ರ ಸಾಲಿನ ವಿಳಾಸ ಕೊಡುತ್ತದೆ, ಅದನ್ನು ನೋಡಿ ಸಿಜಿನ್ಯಾಟ್ ಅಂದುಕೊಳ್ಳಬೇಡಿ. ರೂಟರಿನ ಪುಟದಲ್ಲಿ ಇರೋದನ್ನೇ ನಂಬಿ.

ಎಲ್ಲರಿಗೂ ಒಂದೇ ಸಲ ಸರ್ಟಿಫಿಕೇಟ್ ದೂರು ಬಂದರೆ ಅವಧಿ ಮುಗಿದಿರುತ್ತದೆ. ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಮಾಮೂಲಿ ಸರ್ಟಿಫಿಕೇಟ್ 90 ದಿನದ್ದು. ಮೊದಲು ಅವಧಿ ಮುಗಿಯುವ ಮುಂಚೆ ಇಮೇಲ್ ಬರುತ್ತಿತ್ತು, 2025ರ ಜೂನ್‌ನಿಂದ ಅವರು ಅದನ್ನು ನಿಲ್ಲಿಸಿದ್ದಾರೆ. ಹಾಗಾಗಿ ಈಗ ತಾನಾಗಿ ನವೀಕರಣ ಆಗದಿದ್ದರೆ ಗೊತ್ತಾಗೋದು ಕೆಟ್ಟ ದಿನವೇ. ನವೀಕರಣ ಮಾಡುವ ಪ್ರೋಗ್ರಾಂ ಸರ್ಟ್‌ಬಾಟ್. ಸರ್ಟ್‌ಬಾಟ್ ರಿನ್ಯೂ ಜೊತೆಗೆ ಡ್ರೈ ರನ್ (ಬರೀ ಪರೀಕ್ಷೆ) ಹಾಕಿ ಓಡಿಸಿ, ಯಾಕೆ ಆಗ್ತಿಲ್ಲ ಅಂತ ಅದೇ ಹೇಳುತ್ತದೆ. ಎಚ್‌ಟಿಟಿಪಿ ವಿಧಾನದಲ್ಲಿ 80ನೇ ಪೋರ್ಟ್ ಹೊರಗಿನಿಂದ ತೆರೆದಿರಲೇಬೇಕು. ಭದ್ರತೆಗೆ ಅಂತ ಯಾರೋ 80 ಮುಚ್ಚಿ ಹೋಗಿರುತ್ತಾರೆ, ತೊಂದರೆ ತಿಂಗಳುಗಳಾದ ಮೇಲೆ ಕಾಣುತ್ತದೆ.

ಪುಟ ಬಂತು, ಆದರೆ ನಂಬರ್ ತೋರಿಸುತ್ತಿದೆ

502 ಅಂದರೆ ಎನ್‌ಜಿನ್‌ಎಕ್ಸ್ ಎದ್ದಿದೆ, ಅದರ ಹಿಂದಿನ ಅಪ್ಲಿಕೇಶನ್ ಮಲಗಿದೆ. 504 ಅಂದರೆ ಅಪ್ಲಿಕೇಶನ್ ಇದೆ, ಉತ್ತರ ಕೊಡೋಕೆ ತಡ ಮಾಡಿತು. ಎನ್‌ಜಿನ್‌ಎಕ್ಸ್ ಮಾಮೂಲಿಯಾಗಿ 60 ಸೆಕೆಂಡ್ ಕಾಯುತ್ತದೆ. 413 ಅಂದರೆ ಅಪ್‌ಲೋಡ್ ಮಾಡಿದ ಫೈಲ್ ದೊಡ್ಡದು. ಎನ್‌ಜಿನ್‌ಎಕ್ಸ್ ಬಿಡೋದು ಮಾಮೂಲಿಗೆ 1 ಎಂಬಿ ಮಾತ್ರ, ಈಗಿನ ಫೋನಿನ ಒಂದು ಫೋಟೋ ಅದಕ್ಕಿಂತ ಜಾಸ್ತಿ. 500 ಬಂದರೆ ಅಪ್ಲಿಕೇಶನ್ನಿನ ಲಾಗ್ (ಅದು ಬರೆದಿಡುವ ದಿನಚರಿ) ಓದದೆ ಬೇರೆ ದಾರಿ ಇಲ್ಲ.

504 ಬಗ್ಗೆ ಒಂದು ಮಾತು. ತಿಂಗಳ 11ರ ಹತ್ತಿರ, 20ರ ಹತ್ತಿರ ಮಾತ್ರ ಬರುತ್ತಿದ್ದರೆ ಗಾಬರಿ ಬೇಡ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಜಿಎಸ್‌ಟಿಆರ್-1 ಕೊನೆ ದಿನ 11, ಜಿಎಸ್‌ಟಿಆರ್-3ಬಿಗೆ 20. ಅವತ್ತು ಅಕೌಂಟೆಂಟ್ ಇಡೀ ವರ್ಷದ ರಿಪೋರ್ಟ್ ತೆಗೆಯೋಕೆ ಹೋಗಿರುತ್ತಾರೆ, ಬರಲಿಲ್ಲ ಅಂತ ಮತ್ತೆ ಮತ್ತೆ ಒತ್ತಿರುತ್ತಾರೆ, ಒಂದೊಂದು ಒತ್ತಿಗೂ ಡೇಟಾಬೇಸಿನಲ್ಲಿ ಒಂದೊಂದು ಭಾರದ ಕೆಲಸ ಸಾಲು ನಿಂತಿರುತ್ತದೆ. "ಒಂದು ತಿಂಗಳದ್ದು ಮಾತ್ರ ತೆಗೀರಿ ಸಾರ್, ಒಂದು ಸಲ ಒತ್ತಿ ಕಾಯಿರಿ" ಅನ್ನೋದೇ ಅರ್ಧ ಪರಿಹಾರ.

502 ಬಂದಾಗ ಡಾಕರ್ ಪಿಎಸ್ ಮೈನಸ್ ಎ ಹೊಡೆಯಿರಿ. ಯಾವ ಕಂಟೇನರ್ ಎಕ್ಸಿಟೆಡ್ ಅಂತಿದೆ, ಪಕ್ಕದ ಆವರಣದಲ್ಲಿ ಯಾವ ನಂಬರ್ ಇದೆ ಬರೆದಿಟ್ಟುಕೊಳ್ಳಿ. 137 ಇದ್ದರೆ ಅದನ್ನು ಯಾರೋ ಹೊರಗಿನಿಂದ ಬಲವಂತವಾಗಿ ಕೊಂದಿದ್ದಾರೆ, ಬಹಳ ಸಲ ಮೆಮೊರಿ ಸಾಲದೆ ಲಿನಕ್ಸಿನ ತಿರುಳಾದ ಕರ್ನೆಲ್ಲೇ ಕೊಂದಿರುತ್ತದೆ. ಜರ್ನಲ್‌ಸಿಟಿಎಲ್ ಮೈನಸ್ ಕೆ ಅಂತ ಹೊಡೆದು ಔಟ್ ಆಫ್ ಮೆಮೊರಿ ಅನ್ನುವ ಸಾಲು ಹುಡುಕಿ. ಸಿಕ್ಕಿದರೆ ಖಾತ್ರಿ. ಫ್ರೀ ಮೈನಸ್ ಎಚ್ ನೋಡುವಾಗ ಫ್ರೀ ಅನ್ನುವ ಕಾಲಮ್ ನೋಡಿ ಹೆದರಬೇಡಿ, ಲಿನಕ್ಸ್ ಖಾಲಿ ಮೆಮೊರಿಯನ್ನೆಲ್ಲ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ. ಅವೈಲಬಲ್ ಅನ್ನುವ ಕಾಲಮ್ ಲೆಕ್ಕಕ್ಕೆ. 4 ಜಿಬಿ ಯಂತ್ರದಲ್ಲಿ ಇಆರ್‌ಪಿನೆಕ್ಸ್ಟ್ ಜೊತೆಗೆ ಸಿಸಿಟಿವಿ ರೆಕಾರ್ಡಿಂಗ್ ಕೂಡ ಹಾಕಿಸಿದ್ದರೆ ರಿಪೇರಿ ಏನೂ ಬೇಡ, ಇನ್ನೊಂದು ರ‍್ಯಾಮ್ ಕಡ್ಡಿ ತನ್ನಿ.

ಡಿಸ್ಕ್ ತುಂಬಿದರೆ

ಪುಟಗಳು ಓಪನ್ ಆಗುತ್ತವೆ, ಹಳೇ ಬಿಲ್ಲು ಕಾಣುತ್ತದೆ, ಹೊಸದು ಸೇವ್ ಆಗಲ್ಲ. ಅಥವಾ ಲಾಗಿನ್ ಮಾಡಿದರೆ ಮತ್ತೆ ಲಾಗಿನ್ ಪುಟಕ್ಕೇ ಬಂದು ನಿಲ್ಲುತ್ತದೆ. ಈ ರೂಪ ಕಂಡರೆ ಬೇರೆ ಏನನ್ನೂ ನೋಡುವ ಮುಂಚೆ ಡಿಎಫ್ ಮೈನಸ್ ಎಚ್ ಹೊಡೆಯಿರಿ. 100 ಪರ್ಸೆಂಟ್ ಅಂತ ಕಂಡರೆ ಕಳ್ಳ ಸಿಕ್ಕಿದ. ಕಾಣದಿದ್ದರೆ ಡಿಎಫ್ ಮೈನಸ್ ಐ ಕೂಡ ಹೊಡೆಯಿರಿ. ಜಾಗ ಇದ್ದರೂ ಸಣ್ಣ ಸಣ್ಣ ಫೈಲುಗಳು ಲಕ್ಷಗಟ್ಟಲೆ ಸೇರಿ ಐನೋಡ್ (ಫೈಲಿಗೊಂದರಂತೆ ಬೇಕಾಗುವ ನಮೂದು) ಖಾಲಿಯಾಗಿದ್ದರೂ ಇದೇ ಲಕ್ಷಣ. ಡಿಸ್ಕ್ ತುಂಬಿದ್ದರೂ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಕೆಲಸ ಮಾಡೋಕೆ ಆಗುತ್ತಲ್ಲ ಅಂತ ಅನುಮಾನ ಬೇಡ. ಇಎಕ್ಸ್‌ಟಿ4 (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಪದ್ಧತಿ) ಸಾಮಾನ್ಯವಾಗಿ 5 ಪರ್ಸೆಂಟ್ ಜಾಗವನ್ನು ರೂಟ್‌ಗೆ ಅಂತಲೇ ತೆಗೆದಿಟ್ಟಿರುತ್ತದೆ, ಡೇಟಾಬೇಸಿಗೆ ಅದು ಸಿಗಲ್ಲ.

ಡಾಕರ್ ಇರುವ ಕಡೆ ನಾನು ಮೊದಲು ನೋಡೋದು ಕಂಟೇನರ್‌ಗಳ ಲಾಗ್. ಡಾಕರ್ ಮಾಮೂಲಿ ಸೆಟ್ಟಿಂಗಿನಲ್ಲಿ ಲಾಗನ್ನು ಒಂದು ಜೇಸನ್ ಫೈಲಿಗೆ ಬರೆಯುತ್ತಲೇ ಹೋಗುತ್ತದೆ, ಯಾವತ್ತೂ ಕತ್ತರಿಸಲ್ಲ. ವಾರ್ ಲಿಬ್ ಡಾಕರ್ ಕಂಟೇನರ್ಸ್ ಫೋಲ್ಡರಿನಲ್ಲಿ ಎನ್‌ಸಿಡಿಯು (ಯಾವುದು ಎಷ್ಟು ಜಾಗ ತಿಂದಿದೆ ಅಂತ ತೋರಿಸುವ ಪ್ರೋಗ್ರಾಂ) ಓಡಿಸಿ. ಉದ್ದದ ಹೆಸರಿನ ಫೋಲ್ಡರ್‌ಗಳ ಸಾಲು ಬರುತ್ತದೆ, ಎಲ್ಲ ಕೆಲವು ಎಂಬಿ, ಒಂದು ಮಾತ್ರ ಹತ್ತಾರು ಜಿಬಿ. ಅದರೊಳಗೆ ಹೋದರೆ ಕೊನೆಯಲ್ಲಿ ಜೇಸನ್ ಡಾಟ್ ಲಾಗ್ ಅಂತ ಒಂದೇ ಫೈಲ್. ಟೇಲ್ ಹಾಕಿ ನೋಡಿದರೆ ಒಂದೇ ಸಾಲು ಸೆಕೆಂಡಿಗೊಮ್ಮೆ ಬರೆದದ್ದೇ ಬರೆದದ್ದು, ಇಮೇಲ್ ಕಳಿಸೋಕೆ ಆಗಲಿಲ್ಲ ಅಂತಲೋ, ಇನ್ನೊಂದು ಕಂಟೇನರ್ ಸಿಗ್ತಿಲ್ಲ ಅಂತಲೋ. ಆ ಫೈಲನ್ನು ಡಿಲೀಟ್ ಮಾಡಬೇಡಿ. ಡಾಕರ್ ಅದನ್ನು ಹಿಡಿದುಕೊಂಡೇ ಇರುತ್ತದೆ, ಹೆಸರು ಹೋಗುತ್ತದೆ, ಜಾಗ ವಾಪಸ್ ಬರಲ್ಲ. ಟ್ರಂಕೇಟ್ ಮೈನಸ್ ಎಸ್ ಸೊನ್ನೆ ಅಂತ ಕೊಟ್ಟು ಅದೇ ಫೈಲನ್ನು ಖಾಲಿ ಮಾಡಿ. ಆಮೇಲೆ ಡೀಮನ್ ಡಾಟ್ ಜೇಸನ್ ಅನ್ನುವ ಡಾಕರಿನ ಸೆಟ್ಟಿಂಗ್ ಫೈಲಿನಲ್ಲಿ ಮ್ಯಾಕ್ಸ್ ಸೈಜ್, ಮ್ಯಾಕ್ಸ್ ಫೈಲ್ ಹಾಕಿ ಡಾಕರ್ ರೀಸ್ಟಾರ್ಟ್ ಮಾಡಿ. ಈ ಸೆಟ್ಟಿಂಗ್ ಹೊಸದಾಗಿ ಹುಟ್ಟುವ ಕಂಟೇನರಿಗೆ ಮಾತ್ರ ಅನ್ವಯ, ಹಳೇದನ್ನು ಮತ್ತೆ ಸೃಷ್ಟಿ ಮಾಡಬೇಕು. ಮುಖ್ಯವಾಗಿ, ಆ ಒಂದೇ ಸಾಲು ಯಾಕೆ ಬರುತ್ತಿತ್ತು ಅಂತ ನೋಡದೆ ಬಿಡಬೇಡಿ.

ಇನ್ನೊಂದು ಸಾಮಾನ್ಯ ಕಾರಣ ಬ್ಯಾಕಪ್ಪುಗಳೇ. ದಿನಾ ಒಂದು ಅಂತ ಅದೇ ಡಿಸ್ಕಿನಲ್ಲಿ ಸೇರುತ್ತಿರುತ್ತವೆ. ಡಿಸ್ಕ್ ಸತ್ತರೆ ಅವೂ ಸಾಯುತ್ತವೆ, ಬದುಕಿದ್ದರೆ ಜಾಗ ತಿನ್ನುತ್ತವೆ. ಬೇರೆ ಕಡೆಗೆ ಸಾಗಿಸಿ, ಹಳೇದನ್ನು ತೆಗೆಯಿರಿ.

ಜಾಗ ಮಾಡುವ ಆತುರದಲ್ಲಿ ಡಾಕರ್ ಕಂಪೋಸ್ ಡೌನ್ ಮೈನಸ್ ವಿ ಹೊಡೆಯಬೇಡಿ. ಆ ವಿ ಅಕ್ಷರ ಕಂಪೋಸ್ ಫೈಲಿನಲ್ಲಿ (ಯಾವ ಕಂಟೇನರ್ ಹೇಗೆ ಓಡಬೇಕು ಅನ್ನುವ ಪಟ್ಟಿ) ಹೇಳಿರುವ ವಾಲ್ಯೂಮ್‌ಗಳನ್ನೂ (ಡೇಟಾ ಇಡುವ ಜಾಗ) ಅಳಿಸುತ್ತದೆ, ಡೇಟಾಬೇಸ್ ಇರೋದು ಅಲ್ಲೇ. ಬರೀ ಡೌನ್ ಸಾಕು.

ಕರೆಂಟು ಹೋಗಿ ಬಂದ ಮೇಲೆ

ಯಂತ್ರವೇ ಆನ್ ಆಗಿಲ್ಲ ಅಂದರೆ ಬಯಾಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ, ಕರೆಂಟು ಬಂದ ಕೂಡಲೇ ತಾನಾಗಿ ಏಳುವ ಆಯ್ಕೆ ಇರುತ್ತದೆ, ಹಾಕಿ. ಯಂತ್ರ ಎದ್ದಿದೆ, ಕಂಟೇನರ್ ಎದ್ದಿಲ್ಲ ಅಂದರೆ ಕಂಪೋಸ್ ಫೈಲಿನಲ್ಲಿ ರೀಸ್ಟಾರ್ಟ್ ಅನ್ನುವ ಸಾಲು ಇಲ್ಲ. ಹಾಕದಿದ್ದರೆ ಡಾಕರ್ ತಾನಾಗಿ ಎಬ್ಬಿಸಲ್ಲ. ಅನ್‌ಲೆಸ್ ಸ್ಟಾಪ್ಡ್ ಅಂತ ಕೊಡಿ.

ಮಾರಿಯಾಡಿಬಿ ವಿಷಯಕ್ಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಕರೆಂಟು ಹೋದಾಗ ಅರ್ಧಕ್ಕೆ ನಿಂತ ಕೆಲಸವನ್ನು ಅದರೊಳಗೆ ಡೇಟಾ ನೋಡಿಕೊಳ್ಳುವ ಇನ್ನೋಡಿಬಿ ಅನ್ನುವ ಭಾಗ ತನ್ನ ಲಾಗ್ ನೋಡಿ ತಾನೇ ಸರಿ ಮಾಡಿಕೊಳ್ಳುತ್ತದೆ. ಅದಕ್ಕೆ ಸಮಯ ಹಿಡಿಯುತ್ತದೆ, ಅಷ್ಟು ಹೊತ್ತು ಅಪ್ಲಿಕೇಶನ್ 502 ಅಥವಾ 500 ತೋರಿಸಬಹುದು. ಅಲ್ಲಿ ಮತ್ತೆ ಬಟನ್ ಒತ್ತಿದರೆ ಮತ್ತೆ ಮೊದಲಿನಿಂದ. ಡಾಕರ್ ಲಾಗ್ಸ್ ಹಾಕಿ ನೋಡುತ್ತಾ ಕೂರಿ, ರೆಡಿ ಫಾರ್ ಕನೆಕ್ಷನ್ಸ್ ಅನ್ನುವ ಸಾಲು ಬಂದರೆ ಮುಗಿಯಿತು.

ಆ ಸಾಲು ಬರದೆ, ಎದ್ದು ಬಿದ್ದು ಎದ್ದು ಬಿದ್ದು ಮಾಡುತ್ತಿದ್ದರೆ, ಲಾಗಿನಲ್ಲಿ ಕರಪ್ಷನ್ ಅಂತ ಕಾಣುತ್ತಿದ್ದರೆ, ಕಂಟೇನರ್ ನಿಲ್ಲಿಸಿ ಡೇಟಾ ಫೋಲ್ಡರನ್ನು ಇಡಿಯಾಗಿ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಇದನ್ನು ಮಾಡದೆ ಒಂದು ಹೆಜ್ಜೆಯೂ ಮುಂದೆ ಇಡಬೇಡಿ. ನಿನ್ನೆಯ ಬ್ಯಾಕಪ್ ಚೆನ್ನಾಗಿದ್ದರೆ ಅದನ್ನೇ ಹಾಕಿ, ಇವತ್ತಿನ ಬಿಲ್ಲುಗಳನ್ನು ಕಾಗದ ನೋಡಿ ಮತ್ತೆ ಹೊಡೆಯೋದು ಬೇಗ ಆಗುತ್ತದೆ. ಬ್ಯಾಕಪ್ ಇಲ್ಲ ಅಂದಾಗ ಇನ್ನೋಡಿಬಿ ಫೋರ್ಸ್ ರಿಕವರಿ ಅನ್ನುವ ಸೆಟ್ಟಿಂಗ್ ಹಾಕಿ ಬಲವಂತವಾಗಿ ಎಬ್ಬಿಸಬೇಕು. ಅದಕ್ಕೆ 1ರಿಂದ 6ರವರೆಗೆ ಮಟ್ಟಗಳಿವೆ. 1ರಿಂದ ಶುರು ಮಾಡಿ, ಡೇಟಾಬೇಸ್ ಎದ್ದ ತಕ್ಷಣ ಡಂಪ್ (ಡೇಟಾದ ಪೂರ್ತಿ ನಕಲು) ತೆಗೆದು ಹೊಸ ಡೇಟಾಬೇಸಿಗೆ ಹಾಕಿ. 4 ಮತ್ತು ಅದರ ಮೇಲಿನದು ಇರುವ ಡೇಟಾವನ್ನೂ ಕಾಯಂ ಆಗಿ ಹಾಳು ಮಾಡಬಹುದು, ಕಾಪಿ ಮೇಲೆ ಮಾತ್ರ ಪ್ರಯೋಗ ಮಾಡಿ.

ಯುಪಿಎಸ್ ಇದೆಯಲ್ಲ ಅನ್ನುತ್ತಾರೆ. ಇದೆ, ಆದರೆ ಬ್ಯಾಟರಿ ಮುಗಿಯುವ ಮುಂಚೆ ಯಂತ್ರಕ್ಕೆ ಹೇಳುವವರು ಯಾರು? ಯುಪಿಎಸ್ ಹಿಂದೆ ಯುಎಸ್‌ಬಿ ಕಿಂಡಿ ಇದ್ದರೆ ಕೇಬಲ್ ಹಾಕಿ, ನಟ್ ಅನ್ನುವ ಉಚಿತ ತಂತ್ರಾಂಶ ಹಾಕಿ. ಆ ಮಾಡೆಲ್ ಅದಕ್ಕೆ ಗುರುತು ಸಿಕ್ಕಿದರೆ ಬ್ಯಾಟರಿ ಇಳಿದಾಗ ಅದೇ ಮರ್ಯಾದೆಯಾಗಿ ಶಟ್‌ಡೌನ್ ಮಾಡುತ್ತದೆ. ಫೈಬರ್ ಡಬ್ಬ, ರೂಟರ್ ಎರಡನ್ನೂ ಯುಪಿಎಸ್‌ಗೇ ಸೇರಿಸಿ, ಲೇಸರ್ ಪ್ರಿಂಟರನ್ನು ಮಾತ್ರ ಸೇರಿಸಬೇಡಿ.

ಕನ್ನಡ ಅಕ್ಷರ ಕೆಟ್ಟಿದ್ದರೆ

ಇದರ ಬಗ್ಗೆ ಇಂಗ್ಲಿಷ್ ಕೈಪಿಡಿಗಳಲ್ಲಿ ಹುಡುಕಿದರೆ ಹೆಚ್ಚೇನೂ ಸಿಗಲ್ಲ. ನಮ್ಮ ಕಡೆ ರೈತರ ಹೆಸರು, ಸರಕಿನ ಹೆಸರು ಎಲ್ಲ ಕನ್ನಡದಲ್ಲೇ ಇರಬೇಕು, ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಕುರಿಕಾಟು ಅಂತ. ಬಿಲ್ಲಿನಲ್ಲಿ ಅದು ಹೇಗೆ ಕೆಟ್ಟಿದೆ ಅನ್ನೋದರಲ್ಲೇ ಕಾರಣ ಇದೆ.

ಪರದೆ ಮೇಲೆ ಚೆನ್ನಾಗಿದ್ದು ಪಿಡಿಎಫ್‌ನಲ್ಲಿ ಚೌಕ ಚೌಕ ಡಬ್ಬಿ ಬಂದರೆ ಕಂಟೇನರಿನೊಳಗೆ ಕನ್ನಡ ಫಾಂಟ್ ಇಲ್ಲ. ನೋಟೋ ಸ್ಯಾನ್ಸ್ ಕನ್ನಡ ಹಾಕಿ. ಸರ್ವರಿನಲ್ಲಿ ಹಾಕಿದರೆ ಸಾಲದು, ಪಿಡಿಎಫ್ ಮಾಡುವ ಕಂಟೇನರಿನೊಳಗೇ ಇರಬೇಕು. ಇಮೇಜ್‌ನಲ್ಲೇ (ಕಂಟೇನರ್ ಹುಟ್ಟುವ ಅಚ್ಚು) ಸೇರಿಸದಿದ್ದರೆ ಮುಂದಿನ ಅಪ್‌ಡೇಟ್‌ಗೆ ಮತ್ತೆ ಡಬ್ಬಿ.

ಅಕ್ಷರ ಇದೆ, ಒತ್ತು ಕೂಡಿಲ್ಲ, ಬೆಲ್ಲ ಅನ್ನೋದು ಬೆಲ್‌ಲ ಅಂತಲೂ ಅಚ್ಚು ಅನ್ನೋದು ಅಚ್‌ಚು ಅಂತಲೂ ಬರುತ್ತಿದೆ ಅಂದರೆ ಫಾಂಟಿನ ತಪ್ಪಲ್ಲ. ಪಿಡಿಎಫ್ ಮಾಡುವ ಲೈಬ್ರರಿಗೆ ಅಕ್ಷರ ಜೋಡಿಸೋಕೆ ಬರಲ್ಲ. ಫಾಂಟ್ ಮೇಲೆ ಫಾಂಟ್ ಬದಲಾಯಿಸುತ್ತಾ ಕೂರಬೇಡಿ. ಬ್ರೌಸರಿನಿಂದಲೇ ಪ್ರಿಂಟ್ ಕೊಟ್ಟು ನೋಡಿ, ಸರಿ ಬಂದರೆ ಕ್ರೋಮಿಯಂ ಬಳಸಿ ಪಿಡಿಎಫ್ ಮಾಡುವ ದಾರಿಗೆ ಹೋಗಿ.

ಇಂಗ್ಲಿಷಿನ ಎ ಅಕ್ಷರದ ತಲೆ ಮೇಲೆ ಗೀಟು ಎಳೆದಂಥ ವಿಚಿತ್ರ ಚಿಹ್ನೆಗಳ ಸಾಲು ಕಂಡರೆ ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರ ಹಿಡಿಸುವ ಸಂಕೇತ ಪದ್ಧತಿ) ಡೇಟಾವನ್ನು ಯಾವುದೋ ಪ್ರೋಗ್ರಾಂ ಲ್ಯಾಟಿನ್-1 (ಕನ್ನಡ ಹಿಡಿಸದ ಹಳೇ ಪದ್ಧತಿ) ಅಂತ ಓದುತ್ತಿದೆ. ಡೇಟಾ ಬಹುಪಾಲು ಉಳಿದಿರುತ್ತದೆ, ಕನೆಕ್ಷನ್ನಿನ ಕ್ಯಾರೆಕ್ಟರ್ ಸೆಟ್ ಸರಿ ಮಾಡಿ. ಆದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು, ???? ಅಂತ ಕಂಡರೆ, ಅದೂ ಟೇಬಲ್ಲಿನಲ್ಲೇ ಹಾಗೆ ಕೂತಿದ್ದರೆ, ಆ ಹೆಸರು ಹೋಯಿತು. ಸೇವ್ ಆಗುವಾಗಲೇ ಕಳೆದಿದೆ, ಯಾವ ಸೆಟ್ಟಿಂಗಿನಿಂದಲೂ ವಾಪಸ್ ಬರಲ್ಲ. ಮೊದಲು ಹೊಸ ಎಂಟ್ರಿ ನಿಲ್ಲಿಸಿ, ಟೇಬಲ್ಲಿನ ಕ್ಯಾರೆಕ್ಟರ್ ಸೆಟ್ಟನ್ನು ಯುಟಿಎಫ್8ಎಂಬಿ4 ಮಾಡಿ, ಆಮೇಲೆ ಬ್ಯಾಕಪ್ಪಿನಿಂದ ಹಳೇ ಹೆಸರು ತನ್ನಿ.

ಕೊನೆಗೆ ಎಕ್ಸೆಲ್‌ನಿಂದ ತಂದ ಹಳೇ ಪಟ್ಟಿ. ಎಕ್ಸೆಲ್‌ನಲ್ಲಿ ಅಂದವಾದ ಕನ್ನಡ, ಸಾಫ್ಟ್‌ವೇರಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು. ಇಲ್ಲಿ ಏನೂ ಕೆಟ್ಟಿಲ್ಲ, ಅದು ಮೊದಲಿನಿಂದಲೂ ಯೂನಿಕೋಡ್ ಅಲ್ಲ. ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು, ಫಾಂಟ್ ತೆಗೆದರೆ ಕನ್ನಡವೂ ಹೋಗುತ್ತದೆ. ಎಕ್ಸೆಲ್‌ನಲ್ಲಿ ಆ ಕಾಲಮ್ಮಿನ ಫಾಂಟನ್ನು ಏರಿಯಲ್ ಮಾಡಿ ನೋಡಿ, ಅಲ್ಲೇ ಗೋಜಲಾದರೆ ಇದೇ ಕಾರಣ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ, ಅರ್ಕಾವತ್ತು ಇರುವ ಹೆಸರುಗಳನ್ನು ಒಂದು ಸಲ ಕಣ್ಣಿನಿಂದ ನೋಡಿ, ಪರಿವರ್ತಕಗಳು ಎಡವೋದು ಸಾಮಾನ್ಯವಾಗಿ ಅಲ್ಲೇ. ಆಮೇಲೆ ಇಂಪೋರ್ಟ್ ಮಾಡಿ.